ತಾಯಿ ಕಾರ್ಡಿನ ಗೆರೆಯ ಜೊತೆಯಲ್ಲಿ: ಮಗುವಿನ ಮೊದಲ ವರ್ಷದ ಬೆಳವಣಿಗೆ ಮತ್ತು ಆರೈಕೆ

ಬಾಣಂತಿಯನ್ನು ನೋಡಲು ಬಂದವರು ಮೊದಲು ಮಗುವಿನ ತೂಕ ಕೇಳುತ್ತಾರೆ, ಆಮೇಲೆ ಹೋಲಿಕೆಗೆ ತೊಡಗುತ್ತಾರೆ. ‘ನಮ್ಮ ಮೊಮ್ಮಗ ಈ ಹೊತ್ತಿಗೆ ಬೋರಲು ಬಿದ್ದಿದ್ದ’, ‘ಪಕ್ಕದ ಮನೆಯ ಕೂಸು ಇದಕ್ಕಿಂತ ಗುಂಡುಗುಂಡಾಗಿದೆ’ ಎಂಬ ಮಾತುಗಳು ಪ್ರೀತಿಯಿಂದಲೇ ಬರುತ್ತವೆ. ಆದರೆ ನಿದ್ದೆಗೆಟ್ಟ ಹೊಸ ತಾಯಿಯ ಮನಸ್ಸಿನಲ್ಲಿ ಅವು ಮುಳ್ಳಿನಂತೆ ಉಳಿದುಬಿಡುತ್ತವೆ. ಎದೆಹಾಲು ಸಾಲುತ್ತಿಲ್ಲವೆಂಬ ಅನುಮಾನವೂ ಹಾಲಿನ ಪುಡಿಯ ಡಬ್ಬಿಯೂ ಮನೆಯೊಳಗೆ ಬರುವುದು ಬಹುಮಟ್ಟಿಗೆ ಈ ದಾರಿಯಿಂದಲೇ. ಮಗುವನ್ನು ಹೋಲಿಸಬೇಕಾದದ್ದು ಕಳೆದ ತಿಂಗಳಿನ ಅದೇ ಮಗುವಿನ ಜೊತೆಗೆ. ಅದಕ್ಕೆ ಬೇಕಾದ ಸಾಧನ ಗರ್ಭಿಣಿಯಾಗಿದ್ದಾಗಲೇ ಆರೋಗ್ಯ ಇಲಾಖೆಯಿಂದ ಕೈಗೆ ಬಂದಿರುವ ತಾಯಿ ಕಾರ್ಡಿನಲ್ಲಿದೆ. ಅದರ ಬೆಳವಣಿಗೆಯ ನಕ್ಷೆಯನ್ನು ಓದಲು ಕಲಿಯುವುದರ ಜೊತೆಗೆ, ಪ್ರತಿ ಹಂತದಲ್ಲಿ ಮನೆಯವರು ಏನು ಮಾಡಬೇಕು, ಏನನ್ನು ಬಿಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲ ಗಂಟೆ, ಮೊದಲ ವಾರ

ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಹಾಲೂಡಿಸಲು ಆರಂಭಿಸಬೇಕು. ಮೊದಲ ಎರಡು ಮೂರು ದಿನ ಬರುವ ಹಳದಿ ಮಿಶ್ರಿತ ಗಟ್ಟಿ ಹಾಲು ಪ್ರಮಾಣದಲ್ಲಿ ಕೆಲವೇ ಚಮಚಗಳಷ್ಟಿದ್ದರೂ ರೋಗನಿರೋಧಕ ಅಂಶಗಳಿಂದ ತುಂಬಿರುತ್ತದೆ, ಮತ್ತು ಆ ದಿನಗಳಲ್ಲಿ ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ಅದನ್ನು ಹಿಂಡಿ ಚೆಲ್ಲಿ ಜೇನುತುಪ್ಪ, ಸಕ್ಕರೆ ನೀರು ಅಥವಾ ಹಸುವಿನ ಹಾಲು ನೆಕ್ಕಿಸುವುದು ಮಗುವಿನ ಪಾಲಿನ ಮೊದಲ ರಕ್ಷಣೆಯನ್ನೇ ಕಿತ್ತುಕೊಂಡಂತೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ಹನಿಯಷ್ಟೂ ಕೊಡಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ನರ ದುರ್ಬಲತೆಯ ಕಾಯಿಲೆಯನ್ನು ತರಬಲ್ಲವು.

ಹಾಲೂಡಿಸುವಾಗ ಮಗುವಿನ ಬಾಯಿ ಅಗಲವಾಗಿ ತೆರೆದಿರಬೇಕು. ತೊಟ್ಟು ಮಾತ್ರವಲ್ಲ, ಅದರ ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಿರಬೇಕು. ಗದ್ದ ಎದೆಗೆ ತಾಗಿರಬೇಕು. ತೊಟ್ಟು ಬಿರುಕು ಬಿಟ್ಟು ನೋವಾಗುವುದಕ್ಕೆ ಸಾಮಾನ್ಯವಾಗಿ ಈ ಹಿಡಿತ ಸರಿಯಿಲ್ಲದಿರುವುದೇ ಕಾರಣವಾಗಿರುತ್ತದೆ. ಹಗಲು ರಾತ್ರಿ ಸೇರಿ 8ರಿಂದ 12 ಬಾರಿ ಹಾಲು ಬೇಕಾಗುತ್ತದೆ. ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಮಗುವಿನ ಅಳುವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದು. ಮೊದಲ ವಾರದ ಕೊನೆಯ ಹೊತ್ತಿಗೆ ದಿನಕ್ಕೆ ಆರಕ್ಕಿಂತ ಹೆಚ್ಚು ಬಾರಿ ತಿಳಿಬಣ್ಣದ ಮೂತ್ರ ಹೋಗುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಆರು ತಿಂಗಳವರೆಗೆ ನೀರೂ ಬೇಡ, ಕಲಬುರಗಿ ರಾಯಚೂರಿನ ಬೇಸಿಗೆಯಲ್ಲೂ ಬೇಡ, ಏಕೆಂದರೆ ಎದೆಹಾಲಿನ ಬಹುಭಾಗ ನೀರೇ ಆಗಿದೆ.

ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮಗು ತನ್ನ ತೂಕದ ಶೇ. 10ರವರೆಗೆ ಇಳಿಯುವುದು ಸಹಜ. 10ರಿಂದ 14 ದಿನಗಳೊಳಗೆ ಅದು ಹುಟ್ಟಿದ ತೂಕಕ್ಕೆ ಮರಳಬೇಕು. 2.5 ಕೆ.ಜಿ.ಗಿಂತ ಕಡಿಮೆ ತೂಕದ ಮಗುವನ್ನು ತಾಯಿಯ ಅಥವಾ ಮನೆಯ ಮತ್ತೊಬ್ಬರ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಲ್ಲೇ ಕಲಿತುಕೊಂಡು ಬರಬೇಕು. ತಂದೆಯೂ ಇದನ್ನು ಮಾಡಬಹುದು, ಮಾಡಬೇಕು. ಮೊಲೆ ಚೀಪುವ ಶಕ್ತಿ ಇನ್ನೂ ಬಾರದ ಮಗುವಿಗೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕುಡಿಸಬೇಕೇ ಹೊರತು ಬಾಟಲಿಯಲ್ಲಲ್ಲ. ನಮ್ಮ ಅಜ್ಜಿಯರ ಒಳಲೆ ಇಂದಿಗೂ ನವಜಾತ ಶಿಶು ಘಟಕಗಳಲ್ಲಿ ಬಳಕೆಯಲ್ಲಿದೆ. ತೊಳೆದು ಕುದಿಸುವುದು ಸುಲಭವಾದ್ದರಿಂದ ಬಾಟಲಿಯ ನಿಪ್ಪಲ್ಲಿನಲ್ಲಿ ಅಡಗುವ ಸೋಂಕಿಗೆ ಅಲ್ಲಿ ಜಾಗವಿಲ್ಲ.

ಎಣ್ಣೆ, ನೀರು, ಹೊಗೆ ಮತ್ತು ಬಾಣಂತನದ ಇತರ ಪದ್ಧತಿಗಳು

ಬಾಣಂತನದ ಪದ್ಧತಿಗಳನ್ನು ಒಟ್ಟಾಗಿ ಮೂಢನಂಬಿಕೆಯೆಂದು ತಳ್ಳುವವರನ್ನೂ, ಹಿರಿಯರು ಮಾಡಿದ್ದೆಲ್ಲ ಸರಿಯೆಂದು ಒಪ್ಪುವವರನ್ನೂ ನಾನು ಒಪ್ಪಲಾರೆ. ತಾಯಿಗೆ ವಿಶ್ರಾಂತಿ, ಬಿಸಿಯಾದ ಪೌಷ್ಟಿಕ ಊಟ, ಮಗುವಿಗೆ ಹಗುರವಾದ ಎಣ್ಣೆ ನೀವುವಿಕೆ, ಸದಾ ಯಾರಾದರೊಬ್ಬರ ಮಡಿಲು ಇವೆಲ್ಲ ಬೆಲೆಬಾಳುವ ಪದ್ಧತಿಗಳು. ಕೆಲವು ಮಾತ್ರ ನಿಜವಾಗಿ ಅಪಾಯಕಾರಿ. ಅವನ್ನು ಹೆಸರು ಹಿಡಿದು ಹೇಳಬೇಕಾಗುತ್ತದೆ.

ಹುಟ್ಟಿದ ಮೊದಲ 24 ಗಂಟೆ ಸ್ನಾನ ಬೇಡ. ಹೊಕ್ಕುಳಬಳ್ಳಿ ಸಾಮಾನ್ಯವಾಗಿ ಐದರಿಂದ ಹದಿನೈದು ದಿನಗಳಲ್ಲಿ ಒಣಗಿ ಉದುರುತ್ತದೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಬಳ್ಳಿಗೆ ಅರಿಶಿನ, ಬೂದಿ, ಎಣ್ಣೆ ಯಾವುದನ್ನೂ ಹಚ್ಚದೆ ಒಣಗಲು ಬಿಡಬೇಕು. ಲಂಗೋಟಿಯನ್ನು ಹೊಕ್ಕುಳಿನ ಕೆಳಗೆ ಕಟ್ಟಬೇಕು. ಬಳ್ಳಿಯ ಬುಡದ ಸುತ್ತ ಚರ್ಮ ಕೆಂಪಾದರೆ, ಕೀವು ಅಥವಾ ದುರ್ವಾಸನೆ ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಎಣ್ಣೆ-ನೀರು ಹಾಕುವಾಗ ಕೋಣೆಯ ಗಾಳಿ ಬೀಸದಂತೆ ನೋಡಿಕೊಂಡು, ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಅಂಗೈಯಿಂದ ಮೃದುವಾಗಿ ಸವರಬೇಕು. ಮೂಗನ್ನು ನೇರ ಮಾಡಲು ಎಳೆಯುವುದು, ತಲೆಯ ಆಕಾರ ತಿದ್ದಲು ಒತ್ತುವುದು, ಕೈಕಾಲುಗಳನ್ನು ಅಡ್ಡಡ್ಡ ಎಳೆದು ಮಡಿಸುವುದು ಬೇಡ. ಹುಟ್ಟಿದ ಮಗುವಿನ ಎದೆ ಸ್ವಲ್ಪ ಊದಿರುವುದು ತಾಯಿಯ ಹಾರ್ಮೋನುಗಳಿಂದ. ಅದು ಗಂಡು ಮಕ್ಕಳಲ್ಲೂ ಇರುತ್ತದೆ, ತಾನಾಗಿ ಇಳಿಯುತ್ತದೆ. ಅದನ್ನು ಹಿಂಡಿದರೆ ಕೀವು ತುಂಬುವ ಸಂಭವವಿದೆ. ಮೂಗು ಕಿವಿಗಳಿಗೆ ಎಣ್ಣೆ ಬಿಡಲೇಬಾರದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು. ಬಕೆಟ್ಟಿಗೆ ಮೊದಲು ತಣ್ಣೀರು ತುಂಬಿ ಆಮೇಲೆ ಹಂಡೆಯ ಬಿಸಿನೀರು ಬೆರೆಸಬೇಕು, ಮತ್ತು ನೀರು ಹಾಕುವ ಅಜ್ಜಿಯ ಒರಟುಗಟ್ಟಿದ ಅಂಗೈಯನ್ನು ನಂಬದೆ ಮೊಣಕೈ ಅದ್ದಿ ಹದ ನೋಡಬೇಕು.

ನೆತ್ತಿಯ ಮೆತ್ತಗಿನ ಜಾಗ ಮಿಡಿಯುವುದನ್ನು ಕಂಡು ಹೆದರಿ ಅದಕ್ಕೆ ಎಣ್ಣೆ ತಟ್ಟುತ್ತಾರೆ. ಮುಂಭಾಗದ ನೆತ್ತಿ ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ ತಾನಾಗಿ ಕೂಡಿಕೊಳ್ಳುತ್ತದೆ. ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಅಳದೆ ಸುಮ್ಮನಿರುವಾಗಲೂ ನೆತ್ತಿ ಉಬ್ಬಿದ್ದರೆ, ಅಥವಾ ಭೇದಿಯ ಸಮಯದಲ್ಲಿ ಗುಳಿಬಿದ್ದರೆ ಅದು ತುರ್ತಿನ ಸೂಚನೆ.

ಸ್ನಾನದ ನಂತರ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಮಗುವಿಗೆ ಹೊಗೆ ಹಿಡಿಯುವುದರ ಹಿಂದೆ ಕೂದಲು ಒಣಗಿಸಿ ಬೆಚ್ಚಗಿಡುವ ಉದ್ದೇಶವಿದೆ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಕುಲಾವಿ ಹಾಕಿ ಎದೆಗಪ್ಪಿಕೊಂಡರೆ ಆ ಉದ್ದೇಶ ಪೂರ್ತಿಯಾಗಿ ಈಡೇರುತ್ತದೆ. ಹೊಗೆ ಎಳೆಯ ಶ್ವಾಸನಾಳಗಳನ್ನು ಕೆರಳಿಸುತ್ತದೆ. ಕಾಡಿಗೆಯಲ್ಲಿ ಸೀಸ ಇರಬಹುದು, ಹಚ್ಚುವ ಬೆರಳಿನಿಂದ ಕಣ್ಣಿಗೆ ಸೋಂಕೂ ತಗಲಬಹುದು. ದೃಷ್ಟಿಬೊಟ್ಟು ಇಡಲೇಬೇಕೆಂದು ಹಿರಿಯರು ಬಯಸಿದರೆ ಅಂಗಾಲಿಗೆ ಇಡಲಿ. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು ಎಷ್ಟೇ ರೂಢಿಯಲ್ಲಿದ್ದರೂ, ಆರು ತಿಂಗಳವರೆಗೆ ಎದೆಹಾಲು ಮತ್ತು ವೈದ್ಯರು ಬರೆದ ಔಷಧ ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಹಳೆಯ ಬಟ್ಟೆಗಳ ನಡುವೆ ಇಟ್ಟ ನುಸಿಗುಳಿಗೆಯ ವಾಸನೆ ಕೂಡ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿನಲ್ಲಿ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಪೆಟ್ಟಿಗೆಯಿಂದ ತೆಗೆದ ಬಟ್ಟೆಯನ್ನು ಒಗೆದು ಬಿಸಿಲಿಗೆ ಒಣಗಿಸಿಯೇ ಮಗುವಿಗೆ ಹೊದಿಸಬೇಕು.

ಕಾಮಾಲೆಗೋ ಹೊಟ್ಟೆ ಉಬ್ಬರಕ್ಕೋ ಮಗುವಿನ ಹೊಟ್ಟೆಯ ಮೇಲೆ ಕಾದ ಕಬ್ಬಿಣ ಅಥವಾ ಬಳೆಯಿಂದ ಬರೆ ಹಾಕಿಸುವುದು ಕೆಲವೆಡೆ ಇನ್ನೂ ನಿಂತಿಲ್ಲ. ಇದರ ಬಗ್ಗೆ ನಯದ ಮಾತು ಸಾಧ್ಯವಿಲ್ಲ. ಇದು ಹಸುಳೆಯ ಮೇಲೆ ನಡೆಯುವ ಕ್ರೌರ್ಯ. ಯಾರೇ ಹೇಳಲಿ, ಮಗುವನ್ನು ಎತ್ತಿಕೊಂಡು ಅಲ್ಲಿಂದ ಹೊರಡಬೇಕು.

ಮಲಗಿಸುವಾಗ ಯಾವಾಗಲೂ ಅಂಗಾತ ಮಲಗಿಸಬೇಕು. ದಿಂಬು, ದಪ್ಪ ಹೊದಿಕೆ, ಮೆತ್ತನೆಯ ಗೊಂಬೆ ಸುತ್ತ ಇರಬಾರದು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬಿಗಿಂತ, ಎಚ್ಚರವಿರುವಾಗ ದಿನಕ್ಕೆ ಹಲವು ಬಾರಿ ಕೆಲ ನಿಮಿಷ ಕಣ್ಣೆದುರೇ ಬೋರಲು ಮಲಗಿಸುವುದು ತಲೆಯ ಆಕಾರಕ್ಕೂ ಕತ್ತಿನ ಬಲಕ್ಕೂ ಒಳ್ಳೆಯದು. ಕಾಲುಗಳನ್ನು ನೇರವಾಗಿ ಜೋಡಿಸಿ ಬಿಗಿಯಾಗಿ ಸುತ್ತಿದರೆ ಸೊಂಟದ ಕೀಲು ಸರಿಯಾಗಿ ಕೂರುವುದಕ್ಕೆ ಅಡ್ಡಿಯಾಗುತ್ತದೆ. ಕತ್ತು ನಿಂತ ಮೇಲೆ ನಮ್ಮ ಹೆಂಗಸರು ಕಾಲುಗಳನ್ನು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವ ಕ್ರಮವೇ ಆ ಕೀಲಿಗೆ ಹಿತವಾದದ್ದು.

ನಕ್ಷೆಯನ್ನು ಓದುವ ಬಗೆ

ತಾಯಿ ಕಾರ್ಡಿನಲ್ಲಿ ಗಂಡು ಮತ್ತು ಹೆಣ್ಣು ಮಗುವಿಗೆ ಪ್ರತ್ಯೇಕ ನಕ್ಷೆಗಳಿವೆ. ಇವುಗಳಿಗೆ ಆಧಾರ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡ. ಅದಕ್ಕಾಗಿ ಅಳೆದ ಆರು ದೇಶಗಳ ಮಕ್ಕಳಲ್ಲಿ ದಕ್ಷಿಣ ದೆಹಲಿಯ ಮಕ್ಕಳೂ ಇದ್ದರು. ಹಾಗಾಗಿ ‘ಇದು ಪರದೇಶದ ಮಕ್ಕಳ ಲೆಕ್ಕ’ ಎಂದು ಬದಿಗಿಡುವಂತಿಲ್ಲ.

ತಿಂಗಳಿಗೊಮ್ಮೆ, ಸಾಧ್ಯವಾದಷ್ಟೂ ಒಂದೇ ತಕ್ಕಡಿಯಲ್ಲಿ, ಕಡಿಮೆ ಬಟ್ಟೆಯಲ್ಲಿ ಮಗುವನ್ನು ತೂಗಿಸಿ, ಅಂಗನವಾಡಿ ಅಥವಾ ಆರೋಗ್ಯ ಕೇಂದ್ರದಲ್ಲಿ ಚುಕ್ಕೆ ಇಡಿಸಿ, ಚುಕ್ಕೆಗಳನ್ನು ಗೆರೆಯಿಂದ ಸೇರಿಸಬೇಕು. ಮೊದಲ ಮೂರು ತಿಂಗಳಲ್ಲಿ ಮಗು ದಿನಕ್ಕೆ ಸುಮಾರು 25–30 ಗ್ರಾಂ ಏರುತ್ತದೆ. ನಂತರ ವೇಗ ಇಳಿಯುತ್ತ ವರ್ಷದ ಕೊನೆಯ ತಿಂಗಳುಗಳಲ್ಲಿ ತಿಂಗಳಿಗೆ 300–400 ಗ್ರಾಂ ಏರಿದರೆ ಹೆಚ್ಚು. ಸ್ಥೂಲವಾಗಿ ಹುಟ್ಟಿದ ತೂಕ ಐದಾರು ತಿಂಗಳಿಗೆ ಇಮ್ಮಡಿ, ವರ್ಷಕ್ಕೆ ಮುಮ್ಮಡಿ. 2.8 ಕೆ.ಜಿ. ಇದ್ದ ಮಗು ವರ್ಷ ತುಂಬುವಾಗ 8.4 ಕೆ.ಜಿ. ಆಸುಪಾಸಿನಲ್ಲಿದ್ದರೆ ಅದು ಚೆನ್ನಾಗಿ ಬೆಳೆದಿದೆ, 3.5 ಕೆ.ಜಿ. ಇದ್ದ ಮಗುವಿನ ಪಕ್ಕದಲ್ಲಿ ಅದು ಚಿಕ್ಕದಾಗಿ ಕಂಡರೆ ಅದರಲ್ಲಿ ಯಾರ ತಪ್ಪೂ ಇಲ್ಲ. ಉದ್ದ 50 ಸೆಂ.ಮೀ.ನಿಂದ ಸುಮಾರು 75ಕ್ಕೂ, ತಲೆಯ ಸುತ್ತಳತೆ 34–35ರಿಂದ ಸುಮಾರು 45–46ಕ್ಕೂ ಏರುತ್ತದೆ.

ನಕ್ಷೆಯಲ್ಲಿ ಒಂದು ಚುಕ್ಕೆ ಎಲ್ಲಿದೆ ಎನ್ನುವುದಕ್ಕಿಂತ ಗೆರೆ ಯಾವ ಕಡೆಗೆ ಹೋಗುತ್ತಿದೆ ಎನ್ನುವುದು ಮುಖ್ಯ. ಸಹಜ ತೂಕವನ್ನು ತೋರುವ ಹಸಿರು ಪಟ್ಟಿಯ ಕೆಳ ಅಂಚಿನಲ್ಲಿದ್ದರೂ ಪಟ್ಟಿಗೆ ಸಮನಾಗಿ ಮೇಲೇರುತ್ತಿರುವ ಗೆರೆ ನೆಮ್ಮದಿಯದು. ನಡುವಿನಲ್ಲಿದ್ದು ಚಪ್ಪಟೆಯಾದ ಅಥವಾ ಇಳಿದ ಗೆರೆ ಹಸಿರಿನೊಳಗೇ ಇದ್ದರೂ ಪ್ರಶ್ನೆ ಕೇಳುತ್ತಿರುತ್ತದೆ: ಹಾಲು ಕಡಿಮೆಯಾಯಿತೇ, ಭೇದಿ ಕೆಮ್ಮು ಬಂದಿತ್ತೇ, ಎದೆಹಾಲಿನ ಜೊತೆಗೆ ಕೊಡುವ ಮೇಲೂಟ ಆರಂಭಿಸಲು ತಡವಾಯಿತೇ? ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ನೋಡಬೇಕು. ಮುಂದೆ ಹೇಳುವ ಹಂತಗಳಿಗೂ ಇದೇ ಲೆಕ್ಕ, ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕ.

ಕತ್ತು ನಿಲ್ಲುವುದರಿಂದ ಹೆಜ್ಜೆಯವರೆಗೆ

ಎರಡು ತಿಂಗಳ ಹೊತ್ತಿಗೆ ಮಗು ಮುಖ ನೋಡಿ ನಗುತ್ತದೆ. ಮೂರು ನಾಲ್ಕು ತಿಂಗಳಿಗೆ ಕತ್ತು ನಿಲ್ಲುತ್ತದೆ. ನಾಲ್ಕರಿಂದ ಆರರೊಳಗೆ ಬೋರಲು ಬೀಳುತ್ತದೆ; ಅಂದಿನಿಂದ ಮಂಚದ ಮೇಲೆ ಒಂಟಿಯಾಗಿ ಬಿಡುವಂತಿಲ್ಲ. ಆಸರೆಯಿಲ್ಲದೆ ಕೂರುವುದು, ಅಂಬೆಗಾಲಿಡುವುದು, ಹಿಡಿದು ನಿಲ್ಲುವುದು, ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹೆಕ್ಕುವುದು ಆರರಿಂದ ಹತ್ತು ತಿಂಗಳ ನಡುವೆ ಒಂದರ ಹಿಂದೊಂದು ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಸ್ವತಂತ್ರವಾಗಿ ನಡೆದದ್ದು 8.2ರಿಂದ 17.6 ತಿಂಗಳ ನಡುವಿನ ಯಾವುದೋ ಒಂದು ದಿನ, ಶೇ. 4ಕ್ಕಿಂತ ತುಸು ಹೆಚ್ಚು ಮಕ್ಕಳು ಅಂಬೆಗಾಲಿಡದೆಯೇ ನಡೆದುಬಿಟ್ಟರು. ವಠಾರದಲ್ಲಿ ನಡೆಯುವ ಹೋಲಿಕೆಗೆ ಈ ಒಂಬತ್ತು ತಿಂಗಳ ಅಂತರವೇ ಉತ್ತರ.

ಹಾಗೆಂದು ಎಲ್ಲ ತಡವನ್ನೂ ‘ನಿಧಾನವಾಗಿ ಬರುತ್ತೆ ಬಿಡಿ’ ಎಂದು ಬಿಡಬಾರದು. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತುಂಬಿದರೂ ಕೂರದಿದ್ದರೆ, ಒಂದೇ ಕೈಯನ್ನು ಬಳಸುತ್ತ ಇನ್ನೊಂದನ್ನು ಮುಷ್ಟಿ ಕಟ್ಟಿ ಇಟ್ಟುಕೊಂಡಿದ್ದರೆ, ಬಂದ ಕೌಶಲ ಮರೆತುಹೋದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಶ್ರವಣ ಪರೀಕ್ಷೆಯನ್ನು ಮೊದಲ ತಿಂಗಳೊಳಗೆ ಮಾಡಿಸುವುದು ಉತ್ತಮ. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಉಳಿದವರಂತೆಯೇ ಆ ಊ ಎಂದು ಸದ್ದು ಮಾಡುವುದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ಪರೀಕ್ಷೆ ಮತ್ತು ತರಬೇತಿ ಎರಡೂ ಲಭ್ಯವಿವೆ.

ಬೇಗ ನಡೆಯಲೆಂದು ಚಕ್ರದ ವಾಕರ್ ಕೊಡಿಸಬೇಡಿ. ಅದು ನಡಿಗೆಯನ್ನು ಕಲಿಸುವುದಿಲ್ಲ. ಮೆಟ್ಟಿಲಿಗೂ ಒಲೆಯ ಬಳಿಗೂ ಮಗುವನ್ನು ಕ್ಷಣದಲ್ಲಿ ಒಯ್ಯುತ್ತದೆ. ಕೆನಡಾ ದೇಶ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಮರದ ಹಳೆಯ ತಳ್ಳುಗಾಡಿ, ಚಾಪೆ ಹಾಸಿದ ನೆಲ, ಬರಿಗಾಲು ಸಾಕು. ಅಂಬೆಗಾಲು ಶುರುವಾದ ದಿನ ದೊಡ್ಡವರೂ ಒಮ್ಮೆ ನೆಲದ ಮೇಲೆ ಕೂತು ಸುತ್ತ ನೋಡಬೇಕು. ನೀರು ತುಂಬಿದ ಬಕೆಟ್, ಚಾರ್ಜರ್ ತಂತಿ, ಗುಂಡಿ ಬ್ಯಾಟರಿ, ಸೊಳ್ಳೆಬತ್ತಿ, ಬಿದ್ದ ಕಡಲೆಬೀಜ ಎಲ್ಲವೂ ಆ ಎತ್ತರದಿಂದ ಕಾಣಿಸುತ್ತವೆ. ಕೊರಳಿಗೆ ಕಪ್ಪುದಾರ, ಬಟ್ಟೆಗೆ ಸೇಫ್ಟಿಪಿನ್ನು ಬೇಡ.

ಲಸಿಕೆ

ಸರ್ಕಾರಿ ವೇಳಾಪಟ್ಟಿಯಂತೆ ಹುಟ್ಟಿದಾಗ ಕ್ಷಯ ತಡೆಯುವ ಬಿಸಿಜಿ, ಪೋಲಿಯೊ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್-ಬಿ. 6, 10 ಮತ್ತು 14ನೇ ವಾರಗಳಲ್ಲಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್, ಪೋಲಿಯೊ ಹನಿ ಮತ್ತು ರೋಟಾವೈರಸ್, ಇವುಗಳಲ್ಲಿ 6 ಮತ್ತು 14ನೇ ವಾರಗಳಲ್ಲಿ ಪೋಲಿಯೊ ಚುಚ್ಚುಮದ್ದು ಮತ್ತು ನ್ಯುಮೋಕಾಕಲ್ ಕೂಡ. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ, ನ್ಯುಮೋಕಾಕಲ್ ಬೂಸ್ಟರ್, ಪೋಲಿಯೊ ಚುಚ್ಚುಮದ್ದಿನ ಮೂರನೇ ಡೋಸು, ಎ ಜೀವಸತ್ವದ ಮೊದಲ ಡೋಸು, ಕೆಲವು ಜಿಲ್ಲೆಗಳಲ್ಲಿ ಜಪಾನೀಸ್ ಎನ್‌ಸೆಫಲೈಟಿಸ್ ಎಂಬ ಮಿದುಳು ಜ್ವರದ ಲಸಿಕೆ. ಬಿಸಿಜಿ ಹಾಕಿದ ಎಡತೋಳಿನಲ್ಲಿ ತಿಂಗಳ ನಂತರ ಗುಳ್ಳೆಯಾಗಿ ಒಡೆದು ಕಲೆ ಉಳಿಯುವುದು ಸಹಜ, ಏನನ್ನೂ ಹಚ್ಚಬಾರದು. ನೆಗಡಿಯಿದೆ ಎಂದು ಲಸಿಕೆ ಮುಂದೂಡುವ ಅಗತ್ಯವಿಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿನ ವೇಳಾಪಟ್ಟಿಯನ್ನೇ ಪಾಲಿಸಲಿ. ಆದರೆ ಅಮೆರಿಕದಂತಹ ದೇಶಗಳಲ್ಲಿ ದಡಾರದ ಲಸಿಕೆ ವರ್ಷ ತುಂಬಿದ ಮೇಲೆ ಕೊಡುವುದರಿಂದ, ಅದಕ್ಕೆ ಮೊದಲೇ ಮಗುವನ್ನು ಊರಿಗೆ ಕರೆತರುವವರು ಮುಂಗಡ ಡೋಸಿನ ಬಗ್ಗೆ ವೈದ್ಯರನ್ನು ಕೇಳಬೇಕು.

ತಡಮಾಡಬಾರದ ಸಂದರ್ಭಗಳು

ಮಗು ಹಾಲು ಕುಡಿಯುವುದನ್ನು ನಿಲ್ಲಿಸಿದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಫಿಟ್ಸ್ ಬಂದರೆ, ಮೈ ತಣ್ಣಗಾದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ 108ಕ್ಕೆ ಕರೆ ಮಾಡಬೇಕು. ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, ಎರಡು ತಿಂಗಳೊಳಗಿನ ಮಗುವಿನಲ್ಲಿ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಲ್ಲಿ 50 ಅಥವಾ ಹೆಚ್ಚು ಇದ್ದರೆ ಅದು ನ್ಯುಮೋನಿಯಾದ ಸೂಚನೆಯಾಗಿರಬಹುದು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಮನೆಮದ್ದಿಗೆ ಅವಕಾಶವಿಲ್ಲ. ಹುಟ್ಟಿದ ಮೊದಲ ದಿನವೇ ಕಂಡ, ಅಂಗೈ ಅಂಗಾಲಿಗೆ ಹಬ್ಬಿದ ಅಥವಾ ಎರಡು ವಾರ ದಾಟಿದ ಕಾಮಾಲೆಯನ್ನು ಬಿಸಿಲು ಕಾಯಿಸುತ್ತ ಕೂರಬಾರದು; ಮಲ ಸುಣ್ಣದಂತೆ ಬಿಳಿಯಾಗಿದ್ದರೆ ಅದು ಪಿತ್ತನಾಳದ ತೊಂದರೆಯಿರಬಹುದು, ಅದಕ್ಕೆ ಪ್ರತಿ ದಿನವೂ ಲೆಕ್ಕಕ್ಕೆ ಬರುತ್ತದೆ. ಭೇದಿಯಾದಾಗ ಎದೆಹಾಲು ನಿಲ್ಲಿಸದೆ, ಪ್ರತಿ ಬಾರಿಯ ನಂತರ 50–100 ಮಿ.ಲೀ. ಓಆರ್‌ಎಸ್ ದ್ರಾವಣವನ್ನು ಚಮಚ ಚಮಚವಾಗಿ ಕುಡಿಸುತ್ತ, ಆಶಾ ಕಾರ್ಯಕರ್ತೆ ಅಥವಾ ವೈದ್ಯರು ಹೇಳಿದಂತೆ ಸತುವಿನ ಮಾತ್ರೆಯನ್ನು 14 ದಿನ ಕೊಡಬೇಕು.

ಆರು ತಿಂಗಳು ತುಂಬಿದ ಮೇಲೆ: ರಾಗಿ ಸರಿ

ಆರು ತಿಂಗಳಾದ ಮೇಲೆ ಎದೆಹಾಲೊಂದೇ ಸಾಲದು. ಮುಖ್ಯವಾಗಿ, ಹುಟ್ಟುವಾಗ ತಂದ ಕಬ್ಬಿಣಾಂಶದ ದಾಸ್ತಾನು ಆ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ. ನಮ್ಮಲ್ಲಿ ಮೇಲೂಟವೆಂದರೆ ಬಯಲುಸೀಮೆಯ ರಾಗಿ ಸರಿ, ಕರಾವಳಿಯ ರಾಗಿ ಮಣ್ಣಿ. ಸರಿ ಹಿಟ್ಟು ಮಾಡುವ ಕ್ರಮ ಹೀಗಿದೆ. ಒಂದು ಕೆ.ಜಿ. ರಾಗಿಯನ್ನು ಕಲ್ಲು ಹೋಗುವಂತೆ ತೊಳೆದು ರಾತ್ರಿಯಿಡೀ ನೆನೆಸಬೇಕು. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತ ಒಂದರಿಂದ ಒಂದೂವರೆ ದಿನ ಬಿಟ್ಟರೆ ಬಿಳಿಯ ಮೊಳಕೆ ಬರುತ್ತದೆ. ನೆರಳಿನಲ್ಲಿ ಗಲಗಲ ಎನ್ನುವಂತೆ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಬೆಚ್ಚಗೆ ಮಾಡಿ, ಆರಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಗಾಳಿಸಬೇಕು. ಗಿರಣಿಗೆ ಒಯ್ಯುವುದಾದರೆ ಹಿಂದೆ ಖಾರದ ಪುಡಿ ಬೀಸಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಮೊಳಕೆ ಕಟ್ಟುವ ಈ ಶ್ರಮಕ್ಕೆ ಅರ್ಥವಿದೆ. ಮೊಳೆಯುವ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸರಿಯನ್ನು ತೆಳುವಾಗಿಸುತ್ತದೆ. ಆದ್ದರಿಂದ ನೀರು ಹೆಚ್ಚಿಸದೆಯೇ ಮಗು ನುಂಗುವ ಹದ ಸಿಗುತ್ತದೆ, ಪ್ರತಿ ಚಮಚದಲ್ಲೂ ಹೆಚ್ಚು ಹಿಟ್ಟು ಹೊಟ್ಟೆಗೆ ಹೋಗುತ್ತದೆ. ಕಬ್ಬಿಣಾಂಶ ಮತ್ತು ಸುಣ್ಣದಂಶವನ್ನು ಹಿಡಿದಿಡುವ ಫೈಟೇಟ್ ಕೂಡ ಕಡಿಮೆಯಾಗುತ್ತದೆ. ಕಪ್ಪಾಗುವಂತೆ ಹುರಿದರೆ ಕಿಣ್ವ ನಾಶವಾಗುವುದರಿಂದ ಉರಿ ಸಣ್ಣದಿರಬೇಕು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ರೂಪಿಸಿದ್ದೂ ಈ ತತ್ವದ ಮೇಲೆಯೇ.

ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಅರ್ಧ ಲೋಟ ನೀರಿನೊಂದಿಗೆ ಕೈಯಾಡಿಸುತ್ತ ಎಂಟು ಹತ್ತು ನಿಮಿಷ ಬೇಯಿಸಿ, ಚಮಚ ವಾಲಿಸಿದರೆ ಸುರಿಯದೆ ನಿಧಾನವಾಗಿ ಜಾರುವ ಹದಕ್ಕೆ ಇಳಿಸಿ, ಅರ್ಧ ಚಮಚ ತುಪ್ಪ ಸೇರಿಸಬೇಕು. ಬೆಲ್ಲ, ಸಕ್ಕರೆ, ಉಪ್ಪು ವರ್ಷದವರೆಗೆ ಬೇಡ. ಸಪ್ಪೆಯೆನಿಸುವುದು ನಮ್ಮ ನಾಲಿಗೆಗೆ, ಮಗುವಿನದಕ್ಕಲ್ಲ. ಮೊದಲ ದಿನ ಎರಡು ಮೂರು ಚಮಚ ಸಾಕು. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಬಾರಿ, ಕ್ರಮೇಣ ಅರ್ಧ ಬಟ್ಟಲಿನವರೆಗೆ. ಒಂಬತ್ತರ ನಂತರ ಮೂರು ನಾಲ್ಕು ಬಾರಿ, ಜೊತೆಗೆ ಹಣ್ಣಿನಂಥ ಲಘು ತಿನಿಸು.

ರಾಗಿಯ ಮೇಲಿನ ಪ್ರೀತಿಯಿಂದ ಅದೊಂದರಲ್ಲೇ ನಿಂತುಬಿಡುವುದು ನಾವು ಮಾಡುವ ತಪ್ಪು. ಅದರಲ್ಲಿ ಸುಣ್ಣದಂಶ ಸಮೃದ್ಧವಾಗಿದೆ, ಆದರೆ ಮಗುವಿಗೆ ಬೇಕಾದ ಕಬ್ಬಿಣಾಂಶ ಅದೊಂದರಿಂದ ಬರುವುದಿಲ್ಲ. ಕೆಲವು ದಿನಗಳಲ್ಲೇ ಹೆಸರುಬೇಳೆ-ಅನ್ನ, ಬೇಯಿಸಿ ಕಿವುಚಿದ ಕುಂಬಳ, ಗಜ್ಜರಿ, ಸೊಪ್ಪು, ಬಾಳೆಹಣ್ಣು, ತಿನ್ನುವ ಮನೆಗಳಲ್ಲಿ ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಅರೆದ ಮಾಂಸ ಒಂದೊಂದಾಗಿ ಸೇರಬೇಕು. ಬೇಳೆ-ಸೊಪ್ಪಿಗೆ ಹಿಂಡಿದ ಎರಡು ಹನಿ ನಿಂಬೆರಸ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ. ಆರೋಗ್ಯ ಇಲಾಖೆ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆರಡು ಬಾರಿ 1 ಮಿ.ಲೀ., ವೈದ್ಯರ ಸಲಹೆಯಂತೆ ಡಿ ಜೀವಸತ್ವವನ್ನು ದಿನಕ್ಕೆ 400 ಐಯು (ಅಂತರರಾಷ್ಟ್ರೀಯ ಘಟಕ) ವರ್ಷವಿಡೀ ಕೊಡಬೇಕು. ಅಂಗನವಾಡಿಯ ಪುಷ್ಟಿ ಪೊಟ್ಟಣ ಮಗುವಿನ ಹಕ್ಕಿನ ಪಾಲು; ಸಂಕೋಚವಿಲ್ಲದೆ ತರಬೇಕು.

ಒಂಬತ್ತನೇ ತಿಂಗಳಿನಿಂದ ನುಣ್ಣಗೆ ಅರೆಯುವುದನ್ನು ನಿಲ್ಲಿಸಿ ಕೈಯಲ್ಲಿ ಕಿವುಚಿದರೆ ಸಾಕು. ಇಡ್ಲಿಯ ಚೂರು, ಮೆತ್ತಗಿನ ಚಪಾತಿಯ ತುಂಡನ್ನು ಮಗುವೇ ಹಿಡಿದು ತಿನ್ನಲಿ, ಚೆಲ್ಲಲಿ. ಫೋನು ತೋರಿಸಿ ಬಾಯಿಗೆ ತುರುಕಬೇಡಿ; ಬಾಯಿ ಮುಚ್ಚಿ ಮುಖ ತಿರುಗಿಸಿದರೆ ಹೊಟ್ಟೆ ತುಂಬಿದೆ ಎಂದೇ ಲೆಕ್ಕ. ಕೆಲಸಕ್ಕೆ ಮರಳುವ ತಾಯಿ ಹಿಂಡಿಟ್ಟ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನದವರೆಗೆ ಕೆಡದೆ ಇರುತ್ತದೆ. ಅದನ್ನು ಲೋಟ ಅಥವಾ ಒಳಲೆಯಲ್ಲೇ ಕುಡಿಸಬಹುದು. ಹಸುವಿನ ಹಾಲನ್ನು ಕುಡಿಯಲು ಕೊಡುವುದು ವರ್ಷ ತುಂಬಿದ ಮೇಲೆ, ಅದೂ ದಿನಕ್ಕೆ ಅರ್ಧ ಲೀಟರ್ ಮೀರದಂತೆ, ಏಕೆಂದರೆ ಹಾಲಿನಿಂದಲೇ ಹೊಟ್ಟೆ ತುಂಬಿದ ಮಗು ಊಟ ಬಿಟ್ಟು ರಕ್ತಹೀನತೆಗೆ ಒಳಗಾಗುತ್ತದೆ. ಎದೆಹಾಲು ಎರಡು ವರ್ಷದವರೆಗೂ ಅದರಾಚೆಗೂ ಮುಂದುವರಿಯಬಹುದು. ಹುಟ್ಟುಹಬ್ಬದ ವಾರದಲ್ಲಿ ಒಮ್ಮೆ ತೂಗಿಸಿ ಹನ್ನೆರಡನೆಯ ಚುಕ್ಕೆ ಇಡಿಸಿ, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಡಿ; 16ನೇ ತಿಂಗಳಿನಿಂದ ಬರುವ ಬೂಸ್ಟರ್ ಲಸಿಕೆಗಳಿಗೆ ಅದನ್ನೇ ಮತ್ತೆ ಒಯ್ಯಬೇಕಾಗುತ್ತದೆ.